ಬೆಟ್ಟ ಎತ್ತುವವರು ಬೇಕಾಗಿದ್ದಾರೆ

ಡ್ರೈವಿಂಗ್ ಶಾಲೆಯ ಮೇಷ್ಟರಿಗೆ ಆ ವಾರ ಸಾಕುಸಾಕಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಪುಕ್ಕಲರ ಪಕ್ಕದಲ್ಲಿ ಕೂತು, ಅವರು ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ತಮ್ಮ ಕಡೆಯ ಎರಡನೇ ಬ್ರೇಕನ್ನು ತುಳಿದೂ ತುಳಿದೂ ಬಲಗಾಲಿನ ಮೀನಖಂಡ ಕಲ್ಲಾಗಿತ್ತು. ಅದಾದರೂ ಹೊಟ್ಟೆಪಾಡು, ಬಿಡಿ. ಅವರ ತಲೆ ಕೆಟ್ಟಿದ್ದು ಶನಿವಾರದ ಆಟದ ದೆಸೆಯಿಂದ.

ಆಟವೆಂದರೆ ಇಸ್ಪೀಟಲ್ಲ, ಕೇರಮ್ಮೂ ಅಲ್ಲ. ಮೇಜಿನ ಸುತ್ತ ನಾಲ್ಕು ಜನ ಕೂತು ಒಂದು ಕಥೆಯನ್ನು ಬಾಯಲ್ಲೇ ಆಡುವುದು. ಒಬ್ಬ ಇಡೀ ಲೋಕವನ್ನು ನಡೆಸುತ್ತಾನೆ, ಉಳಿದವರು ಆ ಲೋಕದ ಒಂದೊಂದು ಆಸಾಮಿಯಾಗುತ್ತಾರೆ. 'ನಾನು ಬಾಗಿಲು ಒದೀತೀನಿ' ಎಂದರೆ ದಾಳ ಉರುಳಿಸಿ, ಮುರಿದದ್ದು ಬಾಗಿಲೋ ಕಾಲೋ ನೋಡಿಕೊಳ್ಳುವುದು. ಬೇರೆಯವರ ಮೇಜುಗಳಲ್ಲಿ ಆಟಗಾರರು ತುಕ್ಕು ಕತ್ತಿ, ತೂತು ಬೂಟಿನೊಂದಿಗೆ ಶುರುಮಾಡಿ, ಇಲಿ ಹೆಗ್ಗಣ ಹೊಡೆದು, ವರ್ಷಗಟ್ಟಲೆ ಏಗಿ ಬಲಶಾಲಿಗಳಾಗುತ್ತಾರಂತೆ. ಮೇಷ್ಟರಿಗೆ ಇಲಿ ಹೊಡೆಯುವ ವ್ಯವಧಾನವಿಲ್ಲ. ಅವರ ಆಟದಲ್ಲಿ ಮೊದಲ ದಿನವೇ ಎಲ್ಲರೂ ಮಹಾಬಲರು. ಕರೆದರೆ ಸಿಡಿಲು ಬರಬೇಕು, ಎತ್ತಿದರೆ ಬೆಟ್ಟ ಏಳಬೇಕು.

ಅದಕ್ಕಾಗಿ ಎಂಟು ತಿಂಗಳು ಕೂತು, ಒಂದು ಬೆಟ್ಟ, ಅದರ ಬುಡದಲ್ಲೊಂದು ಊರು ಕಟ್ಟಿದ್ದರು. ಊರಿನಲ್ಲಿ ಇನ್ನೂರ ಹನ್ನೆರಡು ಜನ, ಪ್ರತಿಯೊಬ್ಬರಿಗೂ ಹೆಸರು, ಕಸುಬು, ಬೇರೆ ಬೇರೆ ದನಿ. ನೆಗಡಿ ಹಿಡಿದ ನ್ಯಾಯಾಧೀಶ, ಗಂಟಲು ಕಟ್ಟಿದ ಸೋಪು ಮಾರುವವಳು, ಪ್ರತಿ ಮಾತಿನ ಕೊನೆಗೂ 'ಅಂತಾರಪ್ಪ' ಎನ್ನುವ ಕಾವಲುಗಾರ. ಈ ದನಿಗಳನ್ನು ಅವರು ಕಾರಿನಲ್ಲೇ ಅಭ್ಯಾಸ ಮಾಡುತ್ತಿದ್ದರು. ಒಮ್ಮೆ ಪಕ್ಕದ ಸೀಟಿನಿಂದ ಇದ್ದಕ್ಕಿದ್ದಂತೆ ನ್ಯಾಯಾಧೀಶರು ಮಾತಾಡಿದ್ದು ಕೇಳಿ ಕಲಿಯಲು ಬಂದಿದ್ದ ಹೆಂಗಸು ನಡುರಸ್ತೆಯಲ್ಲಿ ಎಂಜಿನ್ ಆರಿಸಿಬಿಟ್ಟಿದ್ದಳು.

ಊರು ತುಂಬಿತ್ತು, ಮೇಜು ತುಂಬಿರಲಿಲ್ಲ. ಖಾಯಂ ಬರುತ್ತಿದ್ದವರು ಇಬ್ಬರೇ. ಒಬ್ಬ ಜೆರಾಕ್ಸ್. ಅವನದು ನಕಲು ತೆಗೆಯುವ ಅಂಗಡಿಯೆಂದು ಆ ಹೆಸರು ಬಂದದ್ದಲ್ಲ, ಅವನಿರುವುದು ವಿದ್ಯುತ್ ಕಚೇರಿಯಲ್ಲಿ. ಯಾವ ಆಟಕ್ಕೆ ಕರೆದರೂ ಅದೇ ಮೀಸೆಯ, ಅದೇ ಕೊಡಲಿಯ, ಅದೇ ವೀರನನ್ನು ಹಿಡಿದುಕೊಂಡು ಬರುತ್ತಾನೆಂದು ಆ ಹೆಸರು. ಇನ್ನೊಬ್ಬಳು ಔಷಧಿ ಅಂಗಡಿಯಾಕೆ, ಆಟದಲ್ಲಿ ಸಿಡಿಲ ರಾಣಿ. ಮೇಷ್ಟರು ಸೇರಿ ಮೂವರು. ಗ್ರಂಥಾಲಯದ ಮಹಡಿ ಕೋಣೆ ಸಿಗಬೇಕಾದರೆ ಪುಸ್ತಕದಲ್ಲಿ ನಾಲ್ಕು ಸಹಿ ಬೀಳಬೇಕೆಂಬುದು ನಿಯಮ. ಮೂರು ವಾರ ಕಣ್ಣುಮುಚ್ಚಿ ಬಿಟ್ಟಿದ್ದ ಗ್ರಂಥಪಾಲಕಿ ಈ ಶನಿವಾರ ನಾಲ್ಕನೆಯವರು ಬರದಿದ್ದರೆ ಕೋಣೆ ಹಾಡಿನ ತಂಡಕ್ಕೆ ಹೋಗುತ್ತದೆಂದು ಕಡ್ಡಿ ಮುರಿದಂತೆ ಹೇಳಿದ್ದಳು. ಮನೆಯಲ್ಲೇ ಆಡೋಣವೆಂದರೆ ಇರುವುದೇ ಒಂದೂವರೆ ಕೋಣೆ, ಆ ಅರ್ಧದಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ಸಾಲದ್ದಕ್ಕೆ ಔಷಧಿ ಅಂಗಡಿಯಾಕೆ ಬೇರೆ, ಹೀಗೇ ಆದರೆ ತಾನು ಬರುವುದು ಇದೇ ಕೊನೆ ಎಂದುಬಿಟ್ಟಿದ್ದಳು.

ಮೇಷ್ಟರು ಗ್ರಂಥಾಲಯದ ಫಲಕದಲ್ಲಿ ಚೀಟಿ ಅಂಟಿಸಿದರು: 'ಬೆಟ್ಟ ಎತ್ತುವವರು ಬೇಕಾಗಿದ್ದಾರೆ. ಅನುಭವ ಅಗತ್ಯವಿಲ್ಲ. ಶನಿವಾರ ಮಧ್ಯಾಹ್ನ ಎರಡರಿಂದ ಆರು.' ಮೊದಲು ಬಂದದ್ದು ವ್ಯಾಯಾಮಶಾಲೆಯವನು. ಎಷ್ಟು ಕಿಲೋ ಎಂದು ಕೇಳಿ, ಕುರ್ಚಿಯಲ್ಲಿ ಕೂತು ಎತ್ತುವುದೆಂದು ತಿಳಿದಾಗ ಮೇಷ್ಟರ ತೋಳನ್ನು ಕನಿಕರದಿಂದ ಒತ್ತಿ ನೋಡಿ ಹೋದ. ಎರಡನೆಯವಳು ವಿಮೆಯವಳು, ಮಹಾಬಲರು ಸಾಯುವುದುಂಟೇ ಎಂದು ಬಹಳ ಆಸಕ್ತಿಯಿಂದ ವಿಚಾರಿಸಿ, ಇಲ್ಲವೆಂದ ಕೂಡಲೇ ಆಸಕ್ತಿ ಕಳೆದುಕೊಂಡಳು. ಮೂರನೆಯವನು ವಾರದ ನಡುವೆ ಒಂದು ಸಂಜೆ, ಮಾದರಿಗೆಂದು ಮೂವರೊಂದಿಗೆ ಆಡಲು ಕೂತ. ಏಳನೇ ನಿಮಿಷದಲ್ಲಿ ಶತ್ರು ಎಲ್ಲಿದ್ದಾನೆಂದು ಕೇಳಿ ಚಂದ್ರನನ್ನು ಅವನ ನೆತ್ತಿಯ ಮೇಲೆ ಕೆಡವಿದ.

ಮೇಷ್ಟರು ಅದಾಗಲ್ಲ ಎಂದರು.

"ಯಾಕ್ ಸಾರ್ ಆಗಲ್ಲ? ಆಕಾಶಕಾಯಗಳ ಮೇಲೆ ಹಿಡಿತ ಅಂತ ನೀವೇ ಬರೆದು ಕೊಟ್ಟಿದೀರಲ್ಲ."

ಮೇಷ್ಟರು ನೋಟುಪುಸ್ತಕ ತಿರುವಿದರು. ಪುರಾತನ ಮಂತ್ರವೊಂದು ಚಂದ್ರನನ್ನು ಗೂಟಕ್ಕೆ ಕಟ್ಟಿದ ಹಾಗೆ ಕಟ್ಟಿಹಾಕಿರುವುದು ಅದೇ ಕ್ಷಣ ಅವರಿಗೆ ನೆನಪಾಯಿತು. ಆಸಾಮಿ ಎದ್ದು ಹೋದ. ಇಂಥ ಮಂತ್ರಗಳು ಈವರೆಗೆ ಎಷ್ಟು ಸಲ ನೆನಪಾದವೆಂಬುದನ್ನು ಔಷಧಿ ಅಂಗಡಿಯಾಕೆ ಬೆರಳು ಮಡಿಸಿ ಎಣಿಸಿ ತೋರಿಸಿದಳು. ಎರಡೂ ಕೈ ಖರ್ಚಾದವು.

ಕೊನೆಗೆ ಮೇಷ್ಟರು ಅಕ್ಕನ ಕಾಲಿಗೆ ಬಿದ್ದರು. ಅಕ್ಕ ಕಟ್ಟಡದ ಕೆಲಸದಲ್ಲಿ ಟವರ್ ಕ್ರೇನ್ ನಡೆಸುವವಳು. ಇಪ್ಪತ್ತು ಮಹಡಿ ಎತ್ತರದ ಪುಟ್ಟ ಗೂಡಿನಲ್ಲಿ ಇಪ್ಪತ್ತೆರಡು ವರ್ಷ ಕೂತವಳು. ಬಂದು ಸಹಿ ಹಾಕಿ ಮೂಲೆಯಲ್ಲಿ ಮಲಗುತ್ತೇನೆ, ಅಷ್ಟೇ ಎಂದಳು. ಗ್ರಂಥಪಾಲಕಿ ಗಂಟೆಗೊಮ್ಮೆ ಇಣುಕುತ್ತಾಳೆ, ಆಡಲೇಬೇಕು ಎಂದು ಮೇಷ್ಟರು ಗೋಗರೆದ ಮೇಲೆ, ಶನಿವಾರ ಎರಡಕ್ಕೆ, ಶಿರಸ್ತ್ರಾಣದ ಗುರುತು ಹಣೆಯ ಮೇಲಿರುವಾಗಲೇ ಬಂದು ಕೂತಳು. ಕೈಗೆ ಕಾಗದ ಕೊಟ್ಟರು. ದೈತ್ಯೆ. ಬಲ: ಬೆಟ್ಟ ಎತ್ತುವಷ್ಟು.

ಮೇಷ್ಟರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಬೆಟ್ಟ ಬಿರುಕು ಬಿಟ್ಟಿದೆ, ಊರಿನ ಮೇಲೆ ಜಾರುತ್ತಿದೆ. ಬಿರುಕು ಬಿಡಿಸಿದ ಸೇನಾಪತಿ ಬೆಟ್ಟದ ಆಚೆ ದಂಡು ಕಟ್ಟಿ ನಿಂತಿದ್ದಾನೆ. ಅವನನ್ನು ಹುಡುಕಿಕೊಂಡು ಹೋಗುವುದು, ಹನ್ನೆರಡು ವಾರದ ಯುದ್ಧ, ಇದು ಮೇಷ್ಟರ ಲೆಕ್ಕ.

"ಬೆಟ್ಟ ಜಾರ್ತಿದೆ ಅಂದೆ. ಎತ್ತಿ ಆಚೆ ಇಟ್ರೆ ಮುಗೀತಲ್ಲ," ಎಂದಳು ಅಕ್ಕ.

ಮೇಜಿನ ಕೆಳಗೆ ಮೇಷ್ಟರ ಬಲಗಾಲು ತಾನಾಗಿ ಚಾಚಿ ಏನನ್ನೋ ಒತ್ತಿತು. ಒತ್ತಿಸಿಕೊಂಡದ್ದು ಜೆರಾಕ್ಸನ ಪಾದ. ಅವನು ಹಲ್ಲು ಕಚ್ಚಿಕೊಂಡ.

"ಅದಾಗ..." ಎಂದರು ಮೇಷ್ಟರು.

ಔಷಧಿ ಅಂಗಡಿಯಾಕೆ ಪೆನ್ನಿಗೆ ಮುಚ್ಚಳ ಹಾಕಿ, ಚೀಲವನ್ನು ಮಡಿಲಿಗೆಳೆದುಕೊಂಡಳು.

"ನೋಡೋ," ಎಂದಳು ಅಕ್ಕ, "ಇಲ್ಲೂ ನಿನ್ನ ಕಡೆಗೊಂದು ಬ್ರೇಕ್ ಇಟ್ಕೊಂಡಿದೀಯ. ಇವರ ಕೈಗೆ ಸಿಡಿಲು, ಕೊಡಲಿ ಎಲ್ಲ ಕೊಟ್ಟು, ಒಂದು ಗೇಣು ಮುಂದೆ ಹೋಗೋಕೆ ಬಿಡಲ್ಲ. ಆಮೇಲೆ ಜನ ಸಿಗಲ್ಲ ಅಂತ ನನ್ನ ನಿದ್ದೆ ಹಾಳು ಮಾಡ್ತೀಯ."

ಮೇಷ್ಟರ ಕಿವಿ ಕೆಂಪಾಯಿತು. ಆಗಲ್ಲ ಎನ್ನುವ ಹಾಗಿಲ್ಲ, ಆಗಲಿ ಎನ್ನಲು ಬಾಯಿ ಬರದು. ಜಾಣತನ ಮಾಡಿ, ಹೇಗೆ ಎತ್ತುತ್ತೀಯ ಹೇಳು ನೋಡೋಣ ಎಂದರು. ಇಪ್ಪತ್ತೆರಡು ವರ್ಷ ಕ್ರೇನ್ ನಡೆಸಿದವಳನ್ನು ಯಾರೂ ಕೇಳಬಾರದ ಪ್ರಶ್ನೆ ಅದು.

ಅಕ್ಕ ಕಾಗದದ ಬೆನ್ನ ಮೇಲೆ ಬರೆದುಕೊಳ್ಳತೊಡಗಿದಳು. ತೂಕ ಎಷ್ಟು, ಭಾರ ಯಾವ ಕಡೆ ವಾಲಿದೆ, ಗಾಳಿ ಹೇಗಿದೆ. ಕೆಳಗೆ ನಿಂತು ಕೈಸನ್ನೆ ಮಾಡುವವರು ಯಾರು? ಜೆರಾಕ್ಸನ ವೀರ ಅಂದೇ ನೇಮಕವಾದ. ಇಟ್ಟರೆ ಎಲ್ಲಿ ಇಡುವುದು, ಅಲ್ಲಿಯ ನೆಲ ಗಟ್ಟಿಯಿದೆಯೇ? ಮೇಷ್ಟರು ನೆಲದ ಗಟ್ಟಿತನ ಬರೆದಿರಲಿಲ್ಲ. ಹಲ್ಲು ಕಡಿಯುತ್ತಾ ಬರೆದರು.

"ಇನ್ನು ಊರು ಖಾಲಿ ಮಾಡ್ಸು. ಭಾರದ ಕೆಳಗೆ ಒಂದು ನರಪಿಳ್ಳೆ ಇದ್ರೂ ನಾನು ಎತ್ತಲ್ಲ."

"ಇನ್ನೂರ ಹನ್ನೆರಡು ಜನ ಇದಾರೆ ಅಕ್ಕ."

"ಇರ್ಲಿ. ಮನೆಯಿಂದ ಮನೆಗೆ ಹೋಗೋಣ."

ಹೋದರು. ಸೋಪು ಮಾರುವವಳು ಕಟ್ಟಿದ ಗಂಟಲಿನಲ್ಲಿ ಅತ್ತಳು. ನ್ಯಾಯಾಧೀಶರು ಮೂಗಿನಲ್ಲೇ ಲಿಖಿತ ಆದೇಶ ಕೇಳಿದರು. ಅಕ್ಕ ಅವರನ್ನು ಕುರ್ಚಿ ಸಮೇತ ಎತ್ತಿ ಹೊರಗಿಟ್ಟಳು. ಬೆಟ್ಟ ಯಾವತ್ತೂ ಬೀಳಲ್ಲ ಅಂತಾರಪ್ಪ ಎಂದ ಕಾವಲುಗಾರನೊಂದಿಗೆ ಜೆರಾಕ್ಸ್ ಕಾಲು ಗಂಟೆ ವಾದಿಸಿ, ಕೊನೆಗೆ ಅವನ ಅಜ್ಜಿಯ ಕಪಾಟನ್ನು ಹೊತ್ತುಕೊಂಡು ಬಂದ. ಕೊಡಲಿ ಎಲ್ಲಿಟ್ಟನೋ ಅವನಿಗೇ ಮರೆತಿತ್ತು. ಮಾತ್ರೆ ಸಿಗದೆ ಹೊರಡುವುದಿಲ್ಲವೆಂದು ಹಟ ಹಿಡಿದ ಮುದುಕನ ಮುಂದೆ ಸಿಡಿಲ ರಾಣಿ ಮೊಣಕಾಲೂರಿ, ಊಟಕ್ಕೆ ಮುಂಚೆ ತಗೊಳ್ತೀರೋ ಆಮೇಲೋ ಎಂದು ಕೇಳಿದಳು. ಚೀಲ ಯಾವಾಗ ನೆಲ ಸೇರಿತೋ ಯಾರೂ ನೋಡಲಿಲ್ಲ.

ಮೇಷ್ಟರಿಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಸೇನಾಪತಿ ಎರಡೂವರೆಯಿಂದ ಕವಚ ತೊಟ್ಟು ನಿಂತಿದ್ದಾನೆ, ಕೇಳುವವರಿಲ್ಲ. ಅವನಿಗೆಂದೇ ಕಾಪಾಡಿಟ್ಟಿದ್ದ ಗಡಸು ದನಿ ಇನ್ನೂರು ಜನರ ಜಗಳದಲ್ಲಿ ಒಡೆದು ಚೂರಾಗಿತ್ತು.

ಐದೂ ಮುಕ್ಕಾಲಿಗೆ ಊರು ಖಾಲಿಯಾಯಿತು. ಅಕ್ಕ ತಲೆ ಎಣಿಸಲು ಜೆರಾಕ್ಸನನ್ನು ಮತ್ತೊಂದು ಸುತ್ತು ಅಟ್ಟಿದಳು. ಇನ್ನೂರ ಹನ್ನೆರಡು.

"ಎತ್ತಲಾ?"

ನೋಟುಪುಸ್ತಕದ ತೊಂಬತ್ತನೇ ಪುಟದ ವಿಷಯ ಮೇಷ್ಟರೊಬ್ಬರಿಗೇ ಗೊತ್ತು. ಬೆಟ್ಟದ ಕೆಳಗೆ, ಲೋಕ ಹುಟ್ಟಿದಂದಿನಿಂದ ಒಂದು ಪ್ರಾಣಿ ಮಲಗಿದೆ. ಅದು ಹೊರಬರಬೇಕಾದದ್ದು ಎರಡನೇ ವರ್ಷದ ಕೊನೆಯ ಶನಿವಾರ. ಈಗ ಬೆಟ್ಟ ಎದ್ದರೆ ಸೇನಾಪತಿ, ಯುದ್ಧ, ಎಂಟು ತಿಂಗಳು, ಎಲ್ಲ ಹೊಳೆಗೆ ಹಾಕಿದ ಹಾಗೆ. ಇನ್ನೊಂದು ಪುರಾತನ ಮಂತ್ರ ನಾಲಿಗೆಯ ತುದಿಯಲ್ಲೇ ಇತ್ತು. ಎದುರಿಗೆ ಮೂವರೂ ಅವರ ಬಾಯನ್ನೇ ನೋಡುತ್ತಿದ್ದರು. ಮಂತ್ರ ಹೇಳಿದರೆ ಬೆಟ್ಟ ಉಳಿಯುತ್ತದೆ; ಸಹಿ ಹಾಕಲು ಯಾರೂ ಉಳಿಯುವುದಿಲ್ಲ.

"ಎತ್ತು," ಎಂದರು. ದನಿ ಅವರದೇ ಆಗಿತ್ತು.

ಅಕ್ಕ ಎದ್ದು ನಿಂತು, ಎರಡು ಅಂಗೈಗಳನ್ನು ಮೇಜಿನಿಂದ ಮೆಲ್ಲಗೆ ಮೇಲಕ್ಕೆತ್ತಿ ನಿಲ್ಲಿಸಿದಳು. "ಮೊದಲು ಒಂದು ಗೇಣು. ಭಾರ ಹೇಗೆ ಕೂತಿದೆ ನೋಡ್ಬೇಕು."

"ಸಂದಿಯಲ್ಲಿ ಏನು ಕಾಣ್ತಿದೆ?" ಜೆರಾಕ್ಸ್ ಬಗ್ಗಿ ಆ ಕೈಗಳ ಕೆಳಗೆ ನೋಡಿದ.

ಸಂದಿಯ ಬಗ್ಗೆ ಯಾವ ಪುಟದಲ್ಲೂ ಏನೂ ಇರಲಿಲ್ಲ. ಮೇಷ್ಟರು ಪುಸ್ತಕ ಮುಚ್ಚಿದರು.

"ಒಂದು ರೆಪ್ಪೆ. ನಿಮ್ಮ ಊರಿನ ಬೀದಿಯಷ್ಟು ಉದ್ದ. ಅಲುಗಾಡ್ತಿದೆ."

ಬಾಗಿಲಲ್ಲಿ ಗ್ರಂಥಪಾಲಕಿ ಬೀಗದ ಕೈ ಕುಲುಕಿದಳು. ಆರಾಯಿತೆಂದಳು. ಮುಂದಿನ ವಾರಕ್ಕೆ ಕೋಣೆ ಬೇಕಾದರೆ ಈಗಲೇ ನಾಲ್ಕು ಸಹಿ, ಇಲ್ಲವಾದರೆ ಹಾಡಿನವರು ಕೆಳಗೆ ಕಾಯುತ್ತಿದ್ದಾರೆಂದಳು. ಔಷಧಿ ಅಂಗಡಿಯಾಕೆ ಪುಸ್ತಕ ಕಿತ್ತುಕೊಂಡು ಸಹಿ ಹಾಕಿದಳು. ಜೆರಾಕ್ಸ್ ಹಾಕಿದ. ಮೇಷ್ಟರು ಹಾಕಿ, ಅಕ್ಕನ ಕಡೆ ನೋಡಲು ಧೈರ್ಯ ಸಾಲದೆ ಪೆನ್ನನ್ನು ನೋಡಿದರು.

"ನಾನು ಇವತ್ತೊಂದು ದಿನಕ್ಕೆ ಬಂದೋಳು," ಎಂದಳು ಅಕ್ಕ. ಕೈಗಳು ಇಳಿದಿರಲಿಲ್ಲ. "ಭಾರ ನೇತಾಡ್ತಿರುವಾಗ ಗೂಡು ಬಿಟ್ಟು ಇಳಿಯೋ ಹಾಗಿಲ್ಲ. ಅದು ಗೊತ್ತಿದ್ದೇ ಆರು ಗಂಟೆಗೆ ಸರಿಯಾಗಿ ಎತ್ತಿಸಿದೀಯ, ಹಲ್ಕಾ."

ಮೇಷ್ಟರಿಗೆ ಅದು ಗೊತ್ತೇ ಇರಲಿಲ್ಲ.

ಒಂದು ಅಂಗೈಯಲ್ಲಿ ಬೆಟ್ಟವನ್ನು ಹಾಗೇ ಹಿಡಿದುಕೊಂಡು, ಅಕ್ಕ ಇನ್ನೊಂದು ಕೈಯಿಂದ ಪೆನ್ನು ತೆಗೆದುಕೊಂಡಳು. ಬೈಯುತ್ತಲೇ ಸಹಿ ಹಾಕಿದಳು.