ನೀರಿನ ಮೇಲಿದ್ದಾಗ ಆಡದ ಮಾತು

"ಹುಟ್ಟಿನಿಂದಲೂ ಹೆದರಿಕೆ ಅಂತ ಆಸ್ಪತ್ರೆಯ ಕಾಗದದಲ್ಲೇ ಇದೆಯಲ್ಲ!" ಕಾರವಾರದ ವಿಮಾ ಕಚೇರಿಯ ಅಧಿಕಾರಿ ಕಾಗದವನ್ನು ಮಂಗಲಾಳತ್ತ ತಿರುಗಿಸಿಟ್ಟ. "ಪಾಲಿಸಿಗಿಂತ ಮೊದಲೇ ಇದ್ದ ಕಾಯಿಲೆಗೆ ದುಡ್ಡು ಬರೋದಿಲ್ಲಮ್ಮಾ."

ಮಂಗಲಾ ಪಕ್ಕದಲ್ಲಿದ್ದ ಅತ್ತೆ ಬೀರಿಯ ಮುಖ ನೋಡಿದಳು. ಆ ಮಾತು ಹೇಳಿದ್ದು ಬೀರಿಯೇ. ಎರಡು ತಿಂಗಳ ಹಿಂದೆ ಎದೆ ಹಿಡಿದುಕೊಂಡು ಬಿದ್ದ ಸೊಸೆಯನ್ನು ಅವಳು ತಮ್ಮೂರು ಕೇಣಿಯಿಂದ ರಿಕ್ಷಾದಲ್ಲಿ ಅಂಕೋಲೆಯ ಆಸ್ಪತ್ರೆಗೆ ಒಯ್ದಿದ್ದಳು. ಹೃದಯ ಸರಿಯಿದೆ, ಇದು ಆತಂಕದ ಕಾಯಿಲೆ, ಯಾವಾಗಿನಿಂದ ಇದೆ ಎಂದು ಡಾಕ್ಟರು ಕೇಳಿದ್ದರು. "ಇವ್ಳು ಹುಟ್ಟಾ ಪುಕ್ಲಿ ಡಾಕ್ಟ್ರೇ" ಎಂದು ಬೀರಿ ನಕ್ಕುಬಿಟ್ಟಿದ್ದಳು.

ನಿಜ ಬೇರೆಯೇ ಇತ್ತು. ಹೋದ ವರ್ಷ ಗಾಳಿಗೆ ಸಿಕ್ಕಿ ಗಂಡ ಪ್ರದೀಪನ ಬೋಟು ಮುಳುಗಿ, ಅವನು ಆರು ತಾಸು ಈಜಿ ದಡ ಸೇರಿದ್ದ. ಅಂದಿನಿಂದ ಅವನು ಬಲೆ ಎತ್ತಿಕೊಂಡರೆ ಸಾಕು, ಮಂಗಲಾಳ ಎದೆ ಡವಡವ. ಆದರೆ ಗಂಡಸು ನೀರಿನ ಮೇಲಿದ್ದಾಗ ಆ ಮನೆಯಲ್ಲಿ 'ಮುಳುಗು' ಎಂಬ ಮಾತು ಆಡುವಂತಿಲ್ಲ, ಆಡಿದರೆ ಕೇಡು. ಸಾರಿನಲ್ಲಿ ಬಿದ್ದ ಸೌಟು ಕೂಡ 'ಒಳಗೆ ಹೋಯ್ತು', ಅಷ್ಟೇ. ಆಸ್ಪತ್ರೆಗೆ ಸೇರಿದ ದಿನ ಪ್ರದೀಪ ಕಡಲಲ್ಲಿದ್ದ. ಇಂದೂ ಅಲ್ಲೇ ಇದ್ದ.

ತಿಂಗಳ ಗುಳಿಗೆಗೆ, ಡಾಕ್ಟರ ಫೀಸಿಗೆ ವಿಮೆ ಮೊದಲೇ ಇಲ್ಲ. ಆಸ್ಪತ್ರೆಯ ಬಿಲ್ಲಾದರೂ ಬಂದರೆ ಔಷಧ ಮುಂದುವರಿದೀತು. ಇಲ್ಲವಾದರೆ ಈ ವಾರಕ್ಕೇ ನಿಂತೀತು. ಮೂರು ವರ್ಷ ಕಂತು ಕಟ್ಟಿಸಿಕೊಳ್ಳುವಾಗ ಈ ಪುಣ್ಯಾತ್ಮರಿಗೆ ಯಾರ ಹುಟ್ಟೂ ನೆನಪಾಗಿರಲಿಲ್ಲ!

"ಅದು ತಮಾಷೆಗೆ ಹೇಳಿದ್ದು ಸಾಯ್ಬ್ರೇ," ಎಂದಳು ಮಂಗಲಾ. "ನಾ ಪುಕ್ಲಿ ಆಗಿದ್ರೆ ಅಂಕೋಲಾ ಪ್ಯಾಟೆಲಿ ಕೂತ್ಕಂಡು ಮೀನು ಮಾರೂಕಾತಿತ್ತೋ?"

"ಹಾಗಾದರೆ ಯಾವಾಗ ಶುರುವಾಯಿತು, ಯಾಕೆ, ಹೇಳಿ. ಬರೆದು ಮೇಲಕ್ಕೆ ಕಳಿಸ್ತೇನೆ."

"ಹೋದ ವರ್ಷ... ಬೋಟು..." ಆಡಬಾರದ ಮಾತು ಬರುವ ಮೊದಲೇ ಮಂಗಲಾ ತಡೆದುಕೊಂಡಳು. "ನಮ್ಮನೆಯವ್ರು ದಡಕ್ಕೆ ಬರ್ಲಿ. ನಾಡ್ದು ಬಂದು ಹೇಳ್ತೆ."

"ಇವತ್ತೇ ಕೊನೇ ದಿನ. ಇದೆಲ್ಲ ಮನಸ್ಸಿನದ್ದಮ್ಮಾ. ಚೂರು ಧೈರ್ಯ ತಂದುಕೊಂಡಿದ್ದರೆ ಆಸ್ಪತ್ರೆಯೇ ಬೇಕಿರಲಿಲ್ಲ."

ಬೀರಿ ಮೇಜು ಗುದ್ದಿದ ಸದ್ದಿಗೆ ಆಚೆ ಕೋಣೆಯವರೂ ಇಣುಕಿದರು.

"ಧೈರ್ಯ ಕಲ್ಸೂಕೆ ಬಂದ್ಯೋ ನಮ್ಗೆ? ಬರ್ಕೋ! ನನ್ ಮಗನ ಬೋಟು ಮುಳುಗಿತ್ತು. ಮುಳುಗಿತ್ತು, ಕೇಳ್ತೋ? ಅವತ್ತಿಂದ ಈ ಹುಡ್ಗಿ ನಿದ್ದೆ ಕಂಡದ್ದಿಲ್ಲ. ಎಲ್ಲಾ ಬರ್ಕೋ!"

ಅಧಿಕಾರಿ ತಲೆ ತಗ್ಗಿಸಿ ಪೆನ್ನು ತೆಗೆದ. "ದಿನಾಂಕ?" ಎಂದ.

ಕಾಗದ ಕೊಟ್ಟು ಹೊರಬಂದ ಬೀರಿ ಮೆಟ್ಟಿಲ ಮೇಲೇ ಕುಸಿದು ಫೋನು ಹಚ್ಚಿದಳು. ಪ್ರದೀಪನಿಗೆ ಹತ್ತಲಿಲ್ಲ. ಮತ್ತೆ ಹಚ್ಚಿದಳು.

"ಎಂತಾ ಮಾತಾಡ್ಬಿಟ್ನೇ ಮಂಗಲಾ..." ಏದುಸಿರು ಬಿಡುತ್ತ ಅವಳು ಮತ್ತೂ ಒಮ್ಮೆ ಫೋನು ಒತ್ತಿದಳು.

ಮಂಗಲಾ ಬದಿಗೆ ಕೂತು ಅತ್ತೆಯ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಉಸ್ರು ನಿಧಾನ ಒಳಗೆ ತಗಳಿ ಅತ್ತೆ," ಎಂದಳು. "ಡಾಕ್ಟ್ರು ನಂಗೆ ಹೇಳ್ಕೊಟ್ಟ ಹಾಂಗೆ ನಾಲ್ಕರ ತನ್ಕ ಎಣಿಸಿ. ನಾನೂ ಎಣಿಸ್ತೆ."