ನೆರಳಿನ ಕೆಲಸ

ಇಟ್ಟಿಗೆ ಗೂಡಿನಲ್ಲಿ ಹಲಗೆಯಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅತ್ತೆಯ ಲೋಕ ಹೊಸ್ತಿಲಿಗೆ ಬಂದು ನಿಂತಿತ್ತು. ಒಂದು ಕಾಲದಲ್ಲಿ ತಲೆ ತುಂಬ ಇಟ್ಟಿಗೆ ಹೊತ್ತು ಗಂಡಾಳುಗಳನ್ನು ಹಿಂದೆ ಹಾಕಿ ನಡೆದವಳಿಗೆ ಈಗ ಊರುಗೋಲು ಹಿಡಿದು ಬಚ್ಚಲಿಗೆ ಹೋಗಿ ಬರುವುದೇ ದೊಡ್ಡ ಪ್ರಯಾಣ. ಬಾಯಿ ಮಾತ್ರ ಮೊದಲಿನ ಹಾಗೇ ಇತ್ತು. ಯಾರ ಕೊಡ ಸೋರುತ್ತಿದೆ, ಯಾರ ಮಗು ಬಿಸಿಲಲ್ಲಿ ಬರಿಗಾಲಲ್ಲಿ ಓಡುತ್ತಿದೆ ಎಂದು ಕೂತಲ್ಲಿಂದಲೇ ಬೀದಿಗೆಲ್ಲ ಸಾರುತ್ತಿದ್ದಳು. ಆದರೆ ಊಟಕ್ಕೆ ಕೂತಾಗ ಆ ಬಾಯಿಯೂ ಕಟ್ಟಿಹೋಗುತ್ತಿತ್ತು. ಸೊಸೆ ಮತ್ತೊಂದು ಸಲ ಬಡಿಸಲು ಬಂದರೆ ತಟ್ಟೆಗೆ ಅಂಗೈ ಅಡ್ಡ ಹಿಡಿದು, “ದುಡಿಯೋರು ತಿನ್ನಲಿ” ಎನ್ನುವಳು.

ಮಗ ಲಾರಿ ಓಡಿಸಿಕೊಂಡು ವಾರಗಟ್ಟಲೆ ಹೊರಗಿರುತ್ತಿದ್ದ. ಸರ್ಕಾರದ ಉದ್ಯೋಗ ಯೋಜನೆಯಲ್ಲಿ ಹಳೆಯ ಕಾಲುವೆಯ ಹೂಳೆತ್ತುವ ಕೆಲಸ ಶುರುವಾದಾಗ ಸೊಸೆ ಅಲ್ಲಿಗೆ ಸೇರಿದಳು. ಇನ್ನೂ ಮೊಲೆ ಬಿಡದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಹೋಗುತ್ತಿದ್ದಳು. ಮಗು ಜ್ವರದಿಂದ ಎದ್ದ ಒಂದು ಬೆಳಿಗ್ಗೆ ಅತ್ತೆ ಹಟ ಹಿಡಿದಳು.

“ನಾನೂ ಬರ್ತೀನಿ. ಕೂಸನ್ನ ತೊಡೆ ಮೇಲೆ ಮಲಗಿಸ್ಕೊಳ್ಳೋಕೆ ಗಟ್ಟಿ ಸೊಂಟ ಬೇಕಾ?”

ಕೆಲಸದವರನ್ನು ಕರೆದೊಯ್ಯುವ ಟ್ರ್ಯಾಕ್ಟರಿಗೆ ನಾಲ್ಕೈದು ಜನ ಸೇರಿ ಅವಳನ್ನು ಹತ್ತಿಸಿದರು.

ಕಾಲುವೆಯ ದಂಡೆಯ ಮೇಲೆ ಅವಳನ್ನು ಇಳಿಸಿ ಕೂರಿಸಿದರು. ಸುತ್ತ ಒಂದು ಮರವಿಲ್ಲ. ತಾಯಂದಿರು ಕೆಳಗೆ ಕೆಸರು ಬಾಚುತ್ತಿದ್ದರೆ ಮಕ್ಕಳು ಟ್ರ್ಯಾಕ್ಟರಿನ ನೆರಳಿನಲ್ಲಿ ಗೋಣಿಚೀಲದ ಮೇಲೆ ಬಿದ್ದುಕೊಂಡಿದ್ದವು. ಒಂದರ ಬಾಯಲ್ಲಿ ಮಣ್ಣು, ಇನ್ನೊಂದರ ಕಣ್ಣ ತುಂಬ ನೊಣ. ಅತ್ತೆ ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೈಗೆ ಸಿಕ್ಕಷ್ಟು ಮೂಗು ಒರೆಸಿದಳು.

ಬಿಸಿಲೇರಿದ ಮೇಲೆ ಚಾಲಕ ಬಂದವನೇ ಹಿಂದೆ ಮುಂದೆ ನೋಡದೆ ಟ್ರ್ಯಾಕ್ಟರ್ ಚಾಲೂ ಮಾಡಿದ. ದೊಡ್ಡ ಗಾಲಿಯ ಬುಡದಲ್ಲಿ ಒಂದು ಹೆಣ್ಣುಮಗು ನಿದ್ದೆ ಹೋಗಿತ್ತು. ಅತ್ತೆ ಕಿರುಚಿದ್ದು ಎಂಜಿನ್ ಸದ್ದಿನಲ್ಲಿ ಮುಳುಗಿಹೋಯಿತು. ಊರುಗೋಲನ್ನು ಬೀಸಿ ಒಗೆದಳು. ಅದು ಹೋಗಿ ಚಾಲಕನ ಬೆನ್ನಿಗೆ ಬಡಿಯಿತು. ಬೈಯಲೆಂದು ಬ್ರೇಕ್ ಒತ್ತಿ ತಿರುಗಿದವನು ಕೆಳಗೆ ನೋಡಿ ಬೆವತುಹೋದ. ಗಾಲಿಗೂ ಮಗುವಿಗೂ ನಡುವೆ ಗೇಣು ಜಾಗವೂ ಇರಲಿಲ್ಲ.

ಹೆಂಗಸರು ಬುಟ್ಟಿ ಎಸೆದು ದಂಡೆ ಹತ್ತಿ ಬಂದರು. ತಾಯಿ ಮಗುವನ್ನು ಎದೆಗೊತ್ತಿಕೊಂಡು ಅಲ್ಲೇ ಕುಸಿದಳು. ಮೇಲ್ವಿಚಾರಕ ಓಡಿ ಬಂದು, “ಏನೂ ಆಗಿಲ್ವಲ್ಲ, ಸದ್ಯ! ನಡೀರಿ, ನಡೀರಿ” ಎಂದ.

ಎಂದೂ ಹೆಚ್ಚು ಮಾತಾಡದ ಸೊಸೆ ಮುಂದೆ ಬಂದು ನಿಂತಳು. “ಕೆಲಸಕ್ಕೆ ಸೇರಿಸ್ಕೊಳ್ಳೋವಾಗ ನೀವೇ ಹೇಳಿದ್ರಿ. ಮಕ್ಕಳಿಗೆ ನೆರಳು, ನೀರು, ನೋಡ್ಕೊಳ್ಳೋಕೆ ಒಬ್ರು, ಎಲ್ಲಾ ಯೋಜನೇಲೇ ಇದೆ ಅಂತ. ಎಲ್ಲಿ?”

“ಇದೆ ಕಣಮ್ಮ, ಇಲ್ಲ ಅಂದ್ನಾ? ಅದಕ್ಕೆ ಜನ ಬೇಕಲ್ಲ.”

“ಇಲ್ಲೇ ಕೂತಿದಾರೆ, ನಮ್ಮತ್ತೆ.”

ಮೇಲ್ವಿಚಾರಕ ಕೆಳಗೆ ನೋಡಿದ. “ಇವ್ರಿಗೆ ಎದ್ದು ನಿಲ್ಲೋಕೇ ಆಗಲ್ವಲ್ಲ!”

“ಆ ಕೋಲು ಎತ್ಕೊಡಪ್ಪ, ನಿಂತು ತೋರಿಸ್ತೀನಿ,” ಎಂದಳು ಅತ್ತೆ.

ಎಲ್ಲರೂ ನಕ್ಕರು. ಆದರೆ ಬುಟ್ಟಿಯನ್ನು ಮಾತ್ರ ಒಬ್ಬರೂ ಮುಟ್ಟಲಿಲ್ಲ. ಮೇಲ್ವಿಚಾರಕ ದೂರ ಹೋಗಿ ಕಚೇರಿಗೆ ಫೋನ್ ಮಾಡಿದ.

ಮರುದಿನ ನಾಲ್ಕು ಬಿದಿರ ಗಳ, ಒಂದು ನೀಲಿ ತಾಡಪಾಲು, ಮುಚ್ಚಳವಿದ್ದ ನೀರಿನ ಡ್ರಮ್ಮು ಬಂದವು. ಅತ್ತೆಗೆ ಮಣ್ಣು ಹೊರುವವರಷ್ಟೇ ಕೂಲಿ ಎಂದಾಯಿತು. ಅಂದಿನಿಂದ ತಾಡಪಾಲಿನ ಕೆಳಗೆ ಅವಳದೇ ಕಾರುಬಾರು. ಕೈ ತೊಳೆಯದ ಮಗುವಿಗೆ ಊಟವಿಲ್ಲ, ಮಲಗಿದ ಮಗುವಿನ ಹತ್ತಿರ ಗಲಾಟೆಯಿಲ್ಲ. ಹಾಲೂಡಿಸಲು ಬಂದ ತಾಯಿಯ ಕಾಲಲ್ಲಿ ಕೆಸರಿದ್ದರೆ ಆಚೆಯೇ ನಿಲ್ಲಿಸುತ್ತಿದ್ದಳು. ತಪಾಸಣೆಗೆ ಬಂದ ಅಧಿಕಾರಿಗೂ, “ಬೂಟು ಅಲ್ಲೇ ಬಿಡಿ ಸ್ವಾಮಿ, ಕೂಸು ತೆವಳೋ ಜಾಗ” ಎಂದಳು. ಅಧಿಕಾರಿ ಅಲ್ಲೇ ಬಗ್ಗಿ ಬೂಟು ಬಿಚ್ಚಿದರು.

ಎಲ್ಲರಿಗೂ ಇದು ಹಿಡಿಸಿತು ಎನ್ನುವಂತಿಲ್ಲ. ಪಿಸುಮಾತೂ ಹತ್ತು ಮನೆಗೆ ಕೇಳುವ ಗಂಟಲಿನ ಒಬ್ಬ ಅಲ್ಲಿದ್ದ. ಎಲ್ಲರೂ ಅವನನ್ನು ಗುಡುಗು ಮಾವ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಅವನು ಅಂದ: “ನಾವು ಬೆನ್ನು ಮುರ್ಕೊಂಡು ದುಡೀಬೇಕು, ಇವ್ಳು ನೆರಳಲ್ಲಿ ಕೂತು ಅದೇ ಕೂಲಿ ಎಣಿಸ್ಬೇಕು. ಹಣೇಲಿ ಬರೆದಿರ್ಬೇಕು ಬಿಡು!”

ಮಾತು ಅತ್ತೆಗೆ ಚುಚ್ಚಿತು. ಗೂಡಿನಲ್ಲಿ ದುಡಿದ ದಿನಗಳಲ್ಲಿ ಯಾರೂ ಅವಳಿಗೆ ಹಾಗೆ ಅಂದಿರಲಿಲ್ಲ. ಆದರೂ ಮುಖ ಬಾಡಿಸಿಕೊಳ್ಳಲಿಲ್ಲ.

“ಬಾ ಮಾವ, ನಾಳೆ ನೀನೇ ಕೂತ್ಕೋ. ನಾನು ದಂಡೆ ಮೇಲೆ ಕೂತು ಕಲ್ಲು ಆರಿಸ್ತೀನಿ.”

ಗುಡುಗು ಮಾವ ಮೀಸೆ ತಿರುವಿಕೊಂಡು ಬಂದ. ಕೂತ ಸ್ವಲ್ಪ ಹೊತ್ತಿಗೇ ಒಂದು ಕೂಸು ಅವನ ಪಂಚೆ ಒದ್ದೆ ಮಾಡಿತು. ಅದನ್ನು ಇಳಿಸುವಷ್ಟರಲ್ಲಿ ಇನ್ನೊಂದು ಡ್ರಮ್ಮಿನತ್ತ ತೆವಳಿತು, ಮತ್ತೊಂದು ಅವನ ಮೀಸೆಗೇ ಜೋತುಬಿತ್ತು. ಗದರಿಸಿ ನೋಡಿದ. ಆ ಗಂಟಲಿಗೆ ನಿದ್ದೆಯಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೆ ಎದ್ದು ರಾಗ ಎಳೆದವು. ಕಾಲುವೆಯೊಳಗಿದ್ದವರು ಸನಿಕೆ ಊರಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಊಟದ ಹೊತ್ತಿಗೆ ಮಾವ ಅಂಗಿಯೆಲ್ಲ ಅನ್ನ ಮೆತ್ತಿಕೊಂಡು ಅತ್ತೆಯ ಎದುರು ಬಂದು ನಿಂತ.

“ತಾಯಿ, ನನ್ನ ಬುಟ್ಟಿ ನಂಗೆ ಕೊಡ್ಸು. ಇನ್ನು ನಿನ್ನ ಕೆಲಸದ ಬಗ್ಗೆ ಯಾರಾದ್ರೂ ಬಾಯಿ ಬಿಟ್ರೆ ನಾನು ನೋಡ್ಕೋತೀನಿ.”

ಅತ್ತೆ ಬಿಗುಮಾನದಿಂದ ತಲೆಯಾಡಿಸಿ ತಾಡಪಾಲಿನ ಕೆಳಗೆ ಬಂದಳು. ಅವಳ ದನಿ ಕೇಳಿದ್ದೇ ತಡ, ಅಳು ಒಂದೊಂದಾಗಿ ನಿಂತಿತು. ಸೊಸೆ ಕೆಳಗಿನಿಂದ ತನ್ನನ್ನೇ ನೋಡುತ್ತಿದ್ದುದು ಕಂಡು, ಕಣ್ಣಿಗೆ ಧೂಳು ಬಿದ್ದವಳಂತೆ ಸೆರಗಿನಿಂದ ಒರೆಸಿಕೊಂಡಳು.

ಹೂಳೆತ್ತಿ ಮುಗಿಯಿತು, ಕಾಲುವೆಗೆ ನೀರು ಬಂತು. ಮುಂದೆ ಕೆರೆ ಏರಿಯ ಕೆಲಸ ಎಂದು ಮೇಲ್ವಿಚಾರಕ ಬೀದಿಗೆ ಬಂದು ಸಾರಿದಾಗ ತಾಯಂದಿರು ಕೂಲಿ ಎಷ್ಟು ಎಂದು ಕೇಳಲಿಲ್ಲ. “ಮಕ್ಕಳ ಹತ್ರ ಯಾರಿರ್ತಾರೆ?” ಎಂದರು. ಅವನು ಸೀದಾ ಅತ್ತೆಯ ಮನೆಗೆ ಬಂದು, “ಬರ್ತೀರಲ್ಲಮ್ಮ?” ಎಂದ.

“ಬರ್ದೆ ಏನು? ಈ ಸಲ ತಾಡಪಾಲು ದೊಡ್ಡದು ತನ್ನಿ,” ಎಂದಳು ಅತ್ತೆ. “ಮತ್ತೆ ಇನ್ನೊಬ್ಬಳನ್ನ ಕೊಡಿ, ಕೆಲಸ ಕಲಿಸ್ತೀನಿ. ಎಷ್ಟು ಕಡೆಗೆ ಅಂತ ನಾನೊಬ್ಬಳೇ ಹೋಗ್ಲಿ?”