ಬೋಣಿ ಹೊತ್ತಿನಲ್ಲಿ ಇಲ್ಲ ಅನ್ನಬಾರದು

ಕ್ರೀಚ್ ಎಂದು ಕಿರುಚಿತು ಸೀಮೆಸುಣ್ಣ, ಹಲ್ಲು ಜುಮ್ಮೆಂದಿತು, ಉದ್ದನೆಯದನ್ನು ಮುರಿದು ಹಿಡಿದರೆ ಕಿರುಚುವುದಿಲ್ಲ, ಶಾಲೆಯಲ್ಲಿ ನಾನು ಪೂರ್ತಿ ಕಲಿತ ಒಂದೇ ವಿಜ್ಞಾನ, ಮುರಿದೆ, ಒಂದು ತುಂಡು ಬಿಳಿ ಕೋಟಿನ ಜೇಬಿಗೆ, ಒಂದು ತುಂಡು ಬೆರಳಿಗೆ, ಈಗ ಹಲಗೆ ಸುಮ್ಮನಿದೆ, ಕಪ್ಪಗೆ, ಕಾದುಕೊಂಡು — ಇಂದು ಲಭ್ಯವಿರುವ ಔಷಧಿಗಳು ಎಂದು ಮೇಲೆ ಹಳದಿ ಎಣ್ಣೆಬಣ್ಣದಲ್ಲಿ ಬರೆಸಿದ್ದಾರೆ, ಅದು ಅಳಿಸುವುದಿಲ್ಲ, ಅಳಿಸುವುದೆಲ್ಲ ಅದರ ಕೆಳಗಿನದು, ಎಡಕ್ಕೆ ಔಷಧಿಯ ಹೆಸರು, ಬಲಕ್ಕೆ ಇದೆ ಅಥವಾ ಇಲ್ಲ, ಮೂರು ವರ್ಷದಿಂದ ದಿನಾ ಬೆಳಿಗ್ಗೆ ಇದನ್ನು ತುಂಬುವವಳು ನಾನು, ಸುಹಾನಾ, ಈ ಸರ್ಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಗುಳಿಗೆ ಕೊಡುವವಳು, ಸಿರುಗುಪ್ಪಕ್ಕೂ ಕುರುಗೋಡಿಗೂ ನಡುವಿನ ಊರು, ಹೆಸರು ಬೇಡ, ಹೇಳಿದರೆ ಊರಿಗೆ ಕೋಪ, ಹೇಳದಿದ್ದರೆ ಬಸ್ಸಿನ ಕಂಡಕ್ಟರನಿಗೆ ಕೋಪ — ಮೂರು ವರ್ಷದಲ್ಲಿ ಬಲಗಡೆ ಇಲ್ಲ ಎಂದು ಒಮ್ಮೆಯೂ ಬರೆದಿಲ್ಲ, ಕಪಾಟು ಖಾಲಿಯಿದ್ದ ದಿನ ಬರಲಿದೆ ಎಂದು ಬರೆದಿದ್ದೇನೆ, ಬರಲಿದೆ, ಎಷ್ಟು ಚಂದದ ಮಾತು, ದಿಬ್ಬಣ ದಾರಿಯಲ್ಲಿದೆ ಎನ್ನುವ ಹಾಗೆ, ಅಡಿಗೆಯೂ ಆರಿತು ವರನೂ ಮುದುಕನಾದ, ದಿಬ್ಬಣ ಇನ್ನೂ ದಾರಿಯಲ್ಲಿದೆ. ಬೋರ್ಡು ಆತೇನಮ್ಮ ಸುಹಾನಾ, ಒಳಕೋಣೆಯಿಂದ ಡಾಕ್ಟರ್ ಚಿದಾನಂದಪ್ಪನವರು, ಮೂಗಿನಲ್ಲಿ ಹುಟ್ಟಿ ಮೀಸೆಯಲ್ಲಿ ಸೋಸಿ ಬರುವ ಧ್ವನಿ, ಅದನ್ನು ನಿದ್ದೆಗಣ್ಣಿನಲ್ಲೂ ಮಾಡಬಲ್ಲೆ, ಬಳ್ಳಾರಿಯ ಕಾಲೇಜಿನಲ್ಲಿ ಪರದೆಯ ಹಿಂದೆ ನಿಂತು ಪ್ರಾಂಶುಪಾಲರ ಧ್ವನಿಯಲ್ಲಿ ನಾಳೆ ರಜೆ ಎಂದದ್ದಕ್ಕೆ ಮಾರನೆಯ ದಿನ ಅರ್ಧ ಕಾಲೇಜು ಬಂದಿರಲಿಲ್ಲ, ಬಂದ ಇನ್ನರ್ಧದಲ್ಲಿ ಪ್ರಾಂಶುಪಾಲರೂ ಇದ್ದರು, ಅದೇ ಕಷ್ಟವಾದದ್ದು — ಆಗಾಕತ್ತೈತ್ರಿ ಸರ್, ಹನ್ನೊಂದಕ್ಕ ಸರ್ವೇದವ್ರು ಬರ್ತಾರಮ್ಮ, ನೆಪ್ಪೈತಿಲ್ಲೋ, ಖಾಲಿ ಇರೋದೆಲ್ಲಾ ಬರಲಿದೆ, ಇಲ್ಲ ಅನ್ನಾದು ಒಂದೂ ಕಣ್ಣಿಗೆ ಬೀಳಬಾರ್ದು, ಆತ್ರೀ ಸರ್. ಬಿಪಿ ಗುಳಿಗೆ ಇದೆ, ಜ್ವರದ್ದು ಇದೆ, ಕಬ್ಬಿಣದ್ದು ಬೇಕಾದಷ್ಟಿದೆ, ಕಬ್ಬಿಣಕ್ಕೆ ಬಳ್ಳಾರಿಯಲ್ಲಿ ಎಂದಾದರೂ ಬರವೇ, ಗಾಯದ ಮುಲಾಮು ಬರಲಿದೆ, ಫಿಟ್ಸ್ ಗುಳಿಗೆ — ಫಿಟ್ಸ್ ಗುಳಿಗೆ — ಬೆರಳು ಇಲ್ಲೇ ನಿಂತಿತು, ಸೀಮೆಸುಣ್ಣದ ಪುಡಿ ಅಂಗೈ ಗೆರೆಗಳಲ್ಲಿ ಇಳಿಯುತ್ತಿದೆ, ಅಂಗೈ ನೋಡಿಕೊಳ್ಳಬಾರದು, ನೋಡಿಕೊಂಡರೆ ಇನ್ನೊಂದು ಅಂಗೈ ನೆನಪಾಗುತ್ತದೆ, ಬರಲಿದೆ, ಬರೆದೆ, ಮುಗಿಯಿತು.

ಡಾಕ್ಟರು ಕೆಟ್ಟವರಲ್ಲ, ಅದನ್ನು ಹೇಳಲೇಬೇಕು, ಕೆಟ್ಟವರಾಗಿದ್ದರೆ ಅವರ ಧ್ವನಿ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ ನನಗೆ, ಹೋದ ವರ್ಷ ಅವರೂ ನಿಜ ಬರೆದಿದ್ದರು, ಇಂತಿಂಥ ಔಷಧಿ ಇಲ್ಲ, ರೋಗಿಗಳಿಗೆ ತೊಂದರೆ, ದಯವಿಟ್ಟು ಕಳಿಸಿ, ಕೈಯಾರೆ ಬರೆದು ಸಹಿ ಹಾಕಿ ಕಳಿಸಿದ ಎರಡು ಪುಟ, ಬಂದದ್ದು ಔಷಧಿಯಲ್ಲ, ನೋಟಿಸು, ಮುಂಚಿತವಾಗಿ ಬೇಡಿಕೆ ಏಕೆ ಸಲ್ಲಿಸಲಿಲ್ಲ, ಮೂರು ದಿನದೊಳಗೆ ಸಮಜಾಯಿಷಿ ನೀಡುವುದು, ಅವರು ಸಲ್ಲಿಸಿದ್ದ ಬೇಡಿಕೆಗಳ ನಕಲನ್ನೇ ಸಮಜಾಯಿಷಿಯಾಗಿ ಕಳಿಸಿದರು, ಅದಕ್ಕೆ ಇನ್ನೊಂದು ನೋಟಿಸು, ಅಂದಿನಿಂದ ಮೀಸೆ ಸ್ವಲ್ಪ ಇಳಿಯಿತು, ಇಲ್ಲ ಅಂದ್ರ ಔಷಧಿ ಬರಂಗಿಲ್ಲಮ್ಮ, ನೋಟಿಸ್ ಬರ್ತೈತಿ, ನಂದಿನ್ನ ಎರಡು ವರ್ಷ ಸರ್ವೀಸ್ ಐತಿ, ಸತ್ಯನಾರಾಯಣಪ್ಯಾಟ್ಯಾಗ ಮನಿ ಮುಂದ ಕುರ್ಚಿ ಹಾಕ್ಕೊಂಡು ಕುಂದರಾದೊಂದ ಆಸೆ. ಮೇಲಿನ ಸಾಹೇಬರ ವಿಡಿಯೋ ಮೀಟಿಂಗು, ನಮ್ಮದರಲ್ಲಿ ಶೂನ್ಯ ದಾಸ್ತಾನು ಎಂಬ ಪದವೇ ಇರಕೂಡದು, ದಾಸ್ತಾನು, ನಮ್ಮ ಮನೆಯಲ್ಲಿ ದಾಸ್ತಾನ್ ಅಂದರೆ ಕಥೆ, ಕಚೇರಿಯಲ್ಲಿ ದಾಸ್ತಾನು ಅಂದರೆ ಸರಕು, ನಮ್ಮ ಪುಸ್ತಕದಲ್ಲಿ ಎರಡೂ ಒಂದೇ, ಔಷಧಾಲಯದಲ್ಲಿ ಔಷಧವೇ ಲಯ, ಇದನ್ನು ಸಾಹೇಬರ ಧ್ವನಿಯಲ್ಲೇ ಹೇಳಿ ನರ್ಸುಗಳನ್ನು ಹೊಟ್ಟೆ ಹಿಡಿದುಕೊಳ್ಳುವಂತೆ ನಗಿಸಿದ್ದೇನೆ, ನಗಿಸಿದ ಮೇಲೆ ಬಂದು ಬರಲಿದೆ ಎಂದು ಬರೆದಿದ್ದೇನೆ, ಎಲ್ಲರ ಧ್ವನಿಯೂ ಬಾಯಲ್ಲಿದೆ, ಹಲಗೆಯ ಮೇಲೆ ಕೈ ನನ್ನದು, ಬರಹ ಮಾತ್ರ ಅವರದೇ. ಗೇಟಿನೆದುರು ಚಹಾ ಮಾರುವ ಅಂಜಿನೇಯ ಅನ್ನುತ್ತಾನೆ, ಸರ್ಕಾರಿ ಗುಳಿಗಿ ತಿಂದ್ರ ಜಡ್ಡು ನಕ್ಕೊಂತ ಹೊಟ್ಯಾಗ ಕುಂದರ್ತೈತ್ರಿ ಮೇಡಂ, ಪುಕ್ಕಟೆ ಕೊಡಾದ್ಕ ಪವರ್ ಎಲ್ಲಿಂದ ಬರ್ಬೇಕು, ಅವನ ಹೆಂಡತಿಯ ಬಿಪಿ ನಿಂತಿರುವುದು ಇದೇ ಪುಕ್ಕಟೆ ಗುಳಿಗೆಯ ಮೇಲೆ, ತಿಂಗಳ ಮೊದಲ ಸೋಮವಾರ ಎಲ್ಲರಿಗಿಂತ ಮುಂಚೆ ಸಾಲಿನಲ್ಲಿ ನಿಲ್ಲುವವನೂ ಅವನೇ, ಇದು ಹ್ಯಾಂಗಪಾ ಅಂದರೆ ಅಕಿಗೆ ಪವರ್ ಕಮ್ಮಿ ಇದ್ರನ ನನಗ ಚಲೋ ಅಲೇನ್ರಿ. ಸಾಲಿನಲ್ಲಿರುವವರ ನೀತಿ ಬೇರೆ, ಸೂಜಿ ಮಾಡದ ಡಾಕ್ಟರು ಡಾಕ್ಟರಲ್ಲ, ಬಾಟ್ಲಿ ಏರಿಸದ ಆಸ್ಪತ್ರೆ ಆಸ್ಪತ್ರೆಯಲ್ಲ, ಒಂದ್ ಬಾಟ್ಲಿ ಏರ್ಸಿಬಿಡ್ರಿ ಸರ್ ಕೈಕಾಲು ಹರದಂಗಾಗ್ಯಾವು, ನೀರು ಕುಡಿ ಸಾಕು ಅಂದರೆ ನೀರು ಮನ್ಯಾಗ ಇರ್ಲಿಲ್ಲೇನ್ರಿ, ಬಸ್ಸಿಗೆ ಯಾಕ್ ಬರ್ತಿದ್ವಿ — ಎಲ್ಲರಿಗೂ ಒಂದೊಂದು ಆರೋಗ್ಯ ನೀತಿ, ಸಾಹೇಬರಿಗೆ, ಡಾಕ್ಟರಿಗೆ, ಅಂಜಿನೇಯನಿಗೆ, ನನಗೆ ಮಾತ್ರ ಅಮ್ಮನ ನೀತಿ.

ಅಮ್ಮ, ಹುಸೇನ್ ಬೀ, ಬಳ್ಳಾರಿಯ ಕೌಲ್ ಬಜಾರಿನಲ್ಲಿ ಎಂಟಡಿ ಅಗಲದ ಕಿರಾಣಿ ಅಂಗಡಿ, ಎರಡೂ ಕಡೆ ಜೀನ್ಸ್ ಹೊಲಿಯುವ ಮಷೀನುಗಳು ಗರಗರ, ನೀಲಿ ನೂಲಿನ ಧೂಳು ಬಂದು ಸಕ್ಕರೆ ಚೀಲದ ಮೇಲೆ ಕೂರುತ್ತದೆ, ನಾನು ಮಣೆ ಹಾಕಿಕೊಂಡು ಗಲ್ಲಾಪೆಟ್ಟಿಗೆಯ ಹತ್ತಿರ, ಎಂಟನೆಯ ತರಗತಿ ಇರಬೇಕು, ಯಾರೋ ಉಪ್ಪು ಕೇಳಿದರು, ಇಲ್ಲ ಅಂದುಬಿಟ್ಟೆ, ಅಮ್ಮನ ಕೈ ಬೆನ್ನ ಮೇಲೆ ಧಪ್ ಎಂದಿತು, ಲೇ, ಬೋಣಿ ವ್ಯಾಳ್ಯಾಕ ಇಲ್ಲ ಅನ್ನಬ್ಯಾಡ, ಇಲ್ಲ ಅಂದ ಬಾಯಿಗೆ ಬರಕತ್ ಹತ್ತಂಗಿಲ್ಲ, ಏಳಿಗಿ ಆಗಂಗಿಲ್ಲ, ನಾಳಿ ಬರ್ತೈತಿ ಅನ್ನು, ನಕ್ಕು ಅನ್ನು. ಪಕ್ಕದ ಮನೆಯ ವಿರೂಪಮ್ಮನೂ ಹಾಗೆಯೇ, ಅಕ್ಕಿ ತೀರಿತು ಅನ್ನಳು, ಹೆಚ್ಚಾಗೈತಿ ಅನ್ನುತ್ತಾಳೆ, ದೀಪ ಆರಿಸು ಅನ್ನಳು, ದೊಡ್ಡದು ಮಾಡು ಅನ್ನುತ್ತಾಳೆ, ನಮ್ಮ ಓಣಿಯಲ್ಲಿ ನಮಾಜಿನವರಿಗೂ ಲಿಂಗಪೂಜೆಯವರಿಗೂ ಇಲ್ಲ ಎಂಬುದು ಒಂದೇ ಅಪಶಕುನ, ಆ ಹಾಲು ಕುಡಿದು ಬೆಳೆದ ನಾಲಿಗೆ ನನ್ನದು, ಅದಕ್ಕೇ ಈ ಕಿಟಕಿಗೆ ಬಂದ ಮೊದಲ ದಿನವೇ ಡಾಕ್ಟರು ಮೆಚ್ಚಿದರು, ನಿನ್ನ ಬಾಯಿ ಚಲೋ ಐತಮ್ಮ, ಜಗಳ ಆಗಂಗಿಲ್ಲ, ಆಗಲಿಲ್ಲ, ಮೂರು ವರ್ಷದಲ್ಲಿ ಒಂದೂ ಆಗಲಿಲ್ಲ, ನಾಳಿ ಬರ್ತಾವಜ್ಜಿ, ನಾಳಿ ಬರ್ತಾವಣ್ಣ, ನಕ್ಕು. ಆದರೆ ಅಮ್ಮ ಅಂಗಡಿಯಲ್ಲಿ ನಾಳೆ ಅಂದರೆ ಮಧ್ಯಾಹ್ನವೇ ಬುರ್ಖಾ ಏರಿಸಿಕೊಂಡು ಹೋಗಿ ಉಪ್ಪಿನ ಚೀಲ ಆಟೋದಲ್ಲಿ ಹಾಕಿಸಿಕೊಂಡು ಬರುತ್ತಿದ್ದಳು, ಇದನ್ನು ನಾನು ನೋಡಿದ್ದೆ, ನೋಡಿದ್ದೆ, ನಾಲಿಗೆಯನ್ನು ಕಲಿತು ಕಾಲನ್ನು ಮರೆತೆ, ಎರಡು ತಿಂಗಳ ಹಿಂದಿನ ಸೋಮವಾರ ಚನ್ನವೀರಮ್ಮ ಮೊಮ್ಮಗಳ ಚೀಟಿ ಹಿಡಿದು ಕಿಟಕಿಗೆ ಬಂದಾಗ, ಫಿಟ್ಸ್ ಗುಳಿಗಿ ಮುಗದಾವು ಬೇ ಸುಹಾನಮ್ಮ, ನಾಳಿ ಬರ್ತಾವಜ್ಜಿ, ಮಂಗಳವಾರ ನಾಳಿ, ಬುಧವಾರ ನಾಳಿ, ಹಂಗಾದ್ರ ಬಳ್ಳಾರಿಗೆ ಹೋಗಿ ತರ್ಲೇನ್ ಬೇ ಅಂದಳು ಬುಧವಾರ, ಅಂದಳು, ಕಿವಿಯಲ್ಲಿ ಇನ್ನೂ ಇದೆ, ನಾನು ಏನಂದೆ, ಬಿಸಲಾಗ ಯಾಕ ಹೋಗ್ತಿ ಅಜ್ಜಿ, ಮುಂಜಾನಿ ಬರ್ತಾವು, ನಕ್ಕೇ ಅಂದೆ, ಗುರುವಾರ ಬೆಳಿಗ್ಗೆ ಆ ಮೊಮ್ಮಗಳು ಸುನಂದಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಹತ್ತೊಂಬತ್ತು ವರ್ಷ, ಆರು ತಿಂಗಳಿಂದ ಒಂದೂ ಫಿಟ್ಸು ಬಂದಿರಲಿಲ್ಲ, ಬಂತು, ಕೈ ಹಂಚಿನ ಮೇಲೆ, ಅಜ್ಜಿ ಹಿತ್ತಲಿನಲ್ಲಿದ್ದಳು, ಓಡಿ ಬರುವವರೆಗೆ ಅಂಗೈ ಹಂಚಿನ ಮೇಲೇ, ಹಂಚಿನ ಅಂಚು ಅರ್ಧಚಂದ್ರ ಕೊರೆದಿತ್ತು, ಕೆಂಪಗೆ, ಬೆರಳ ಬುಡದಿಂದ ಮಣಿಕಟ್ಟಿನವರೆಗೆ, ಮುಲಾಮು ಹಚ್ಚಿದವಳು ನಾನೇ, ಅವತ್ತು ಮುಲಾಮು ಇತ್ತು, ಬೈಯಲಿ ಎಂದು ಕಾದೆ, ಅಜ್ಜಿ ಬೈಯಲಿಲ್ಲ, ನಿಂದೇನ್ ತಪ್ಪೈತಿ ಬೇ, ಅಕಿ ಹಣೆಬಾರ, ಹಣೆಬರಹವಲ್ಲ ಅಜ್ಜಿ, ಹಲಗೆಬರಹ, ಎಂದು ಹೇಳಬೇಕಿತ್ತು ಸಿಕ್ಕಲ್ಲೆಲ್ಲ ಪದ ಮುರಿಯುವ ಈ ನಾಲಿಗೆ, ಮುಲಾಮಿನ ಮುಚ್ಚಳ ತಿರುಗಿಸಿದೆ.

ಹನ್ನೊಂದಕ್ಕೆ ಅಲ್ಲ, ಹನ್ನೊಂದೂಮುಕ್ಕಾಲಿಗೆ ಜೀಪು, ಇಳಿದವನು ಸಮ್ರಾಟ್, ಕುತ್ತಿಗೆಯ ಪಟ್ಟಿಯಲ್ಲಿ ಹೆಸರು ತೂಗುತ್ತಿದೆ, ಎಳೆಯ ವಯಸ್ಸು, ಬೆಂಗಳೂರಿನ ಕನ್ನಡ, ಕೈಯಲ್ಲಿ ಟ್ಯಾಬ್ಲೆಟ್ಟು, ಬೆಳಿಗ್ಗೆಯಿಂದ ಈ ಆಸ್ಪತ್ರೆಗೆ ಬಂದ ಒಂದೇ ಟ್ಯಾಬ್ಲೆಟ್ಟು ಅದು — ಉಚಿತ ಔಷಧಿ ನೀತಿಯ ಬಗ್ಗೆ ವೈದ್ಯರ, ರೋಗಿಗಳ, ಸಾರ್ವಜನಿಕರ ಅಭಿಪ್ರಾಯ, ಐದೇ ನಿಮಿಷ ಸರ್, ಡಾಕ್ಟರು ಕುರ್ಚಿಯಲ್ಲಿ ನೆಟ್ಟಗಾದರು, ಮೂಗು ಮೀಸೆ ಎರಡನ್ನೂ ಬಿಟ್ಟು ಯಾವುದೋ ಸುತ್ತೋಲೆಯೊಳಗಿಂದ ಧ್ವನಿ ತೆಗೆದರು, ನೀತಿ ಉತ್ತಮವಾಗಿದೆ, ಅನುಷ್ಠಾನ ಸಮರ್ಪಕವಾಗಿದೆ, ಅರೆ, ಸರ್, ನನಗಿಂತ ಚೆನ್ನಾಗಿ ಮಾಡಿದಿರಿ ಸಾಹೇಬರನ್ನು. ಸಾರ್ವಜನಿಕರ ಪರವಾಗಿ ಅಂಜಿನೇಯ, ಗಾಜಿನ ಲೋಟ ಕೈಯಲ್ಲೇ, ಪವರ್ ಸ್ವಲ್ಪ ಕಮ್ಮಿ ಸರ್, ಮಿಕ್ಕಿದ್ದೆಲ್ಲಾ ಚಲೋ ಐತ್ರಿ. ಆಮೇಲೆ ಸಾಲು, ಸಾಲಿನ ಮುಂದೆ, ಕಿಟಕಿಗೆ ಮೂರನೆಯವಳಾಗಿ, ಚನ್ನವೀರಮ್ಮ, ಕೈ ಸುಟ್ಟ ಮೇಲೆ ಬಳ್ಳಾರಿಯಿಂದ ತಂದ ಗುಳಿಗೆ ಮುಗಿದಿರಬೇಕು, ಹಿಂದೆ ಸುನಂದಾ, ಸೆರಗಿನೊಳಗೆ ಕೈ, ನಾನು ಕಿಟಕಿಯ ಒಳಗೆ, ಗುಳಿಗೆಯ ಪಟ್ಟಿ ಕತ್ತರಿಸುತ್ತಿದ್ದ ಕತ್ತರಿ ನಿಂತಿತು, ಅಜ್ಜಿ, ಔಷಧಿ ಎಲ್ಲಾ ಸಿಗುತ್ತಾ ನಿಮಗೆ, ಪೂರ್ತಿ ತೃಪ್ತಿನಾ, ಸ್ವಲ್ಪ ತೃಪ್ತಿನಾ — ಹೇಳಜ್ಜಿ, ಹೇಳು, ಇವತ್ತಾದರೂ ಬೈಯಿ, ಮೊಮ್ಮಗಳ ಕೈ ಎಳೆದು ಅವನ ಟ್ಯಾಬ್ಲೆಟ್ಟಿನ ಮೇಲಿಡು, ಬೇಡಿಕೊಳ್ಳುತ್ತೇನೆ — ಅಯ್ಯ ತೃಪ್ತಿ ಆಗ್ಲಾರ್ದಕ್ಕೇನಪಾ, ಚನ್ನವೀರಮ್ಮ ನಕ್ಕಳು, ಮೇಲಿನ ಎರಡು ಹಲ್ಲು, ಈ ಹುಡುಗಿ ಬಾಯಿ ನೋಡು, ಬಂಗಾರ, ಮೂರು ವರ್ಷ ಆತು, ಒಂದಿನಾರ ಇಲ್ಲ ಅಂದಾಕಿ ಅಲ್ಲ. ಪೂರ್ತಿ ತೃಪ್ತಿ, ಸಮ್ರಾಟನ ಬೆರಳು ಟಿಕ್ ಎಂದಿತು, ಗಾಜಿನ ಮೇಲೆ ಬೆರಳು, ಎಷ್ಟು ಸಣ್ಣ ಸದ್ದು, ಬೆನ್ನ ಮೇಲೆ ಅಮ್ಮನ ಕೈಗಿಂತ ಗಟ್ಟಿಯಾಗಿ ಬಿತ್ತು, ಒಂದಿನಾರ ಇಲ್ಲ ಅಂದಾಕಿ ಅಲ್ಲ, ಒಂದಿನಾರ, ಅಂದಿದ್ದರೆ ಒಂದು ದಿನ, ಸೋಮವಾರ, ಒಂದೇ ಒಂದು ಇಲ್ಲ, ಮಧ್ಯಾಹ್ನದ ಬಸ್ಸಿಗೆ ಹೋಗಿ ಸಂಜೆಗೆ ಗುಳಿಗೆ ತರುತ್ತಿದ್ದಳು, ಗುರುವಾರ ರೊಟ್ಟಿ ಬರೀ ರೊಟ್ಟಿಯಾಗಿರುತ್ತಿತ್ತು — ಕತ್ತರಿ ಮೇಜಿನ ಮೇಲಿದೆ, ನಾನು ಬಾಗಿಲು ದಾಟಿದ್ದೇನೆ, ಯಾವಾಗ ಎದ್ದೆ, ದುಪಟ್ಟಾ ತುದಿಯಿಂದ ಬರಲಿದೆ ಒರೆಸುತ್ತಿದ್ದೇನೆ, ಬ ಹೋಯಿತು ರ ಹೋಯಿತು, ಜೇಬಿನಲ್ಲಿ ತುಂಡು ಇದೆಯಲ್ಲ, ಮುರಿದದ್ದು, ಕಿರುಚುವುದಿಲ್ಲ ಎಂದಿದ್ದೆನಲ್ಲ, ಕಿರುಚಿತು, ಕ್ರೀಚ್, ಸಾಲೆಲ್ಲ ತಿರುಗಿತು, ಇಲ್ಲ. ಫಿಟ್ಸ್ ಗುಳಿಗೆ, ಇಲ್ಲ. ಮುಲಾಮು, ಇಲ್ಲ. ಇಷ್ಟು ಚಿಕ್ಕ ಪದ, ಎರಡೇ ಅಕ್ಷರ, ಮೂರು ವರ್ಷ ಹಿಡಿಯಿತು.

ಸುಹಾನಾ, ಏನ್ ಮಾಡಾಕತ್ತೀಯಮ್ಮ, ಮೀಸೆ ಬಾಗಿಲಲ್ಲಿ, ಬರ್ಯಾಕತ್ತೀನ್ರಿ ಸರ್, ಅಂದೆ, ಅಂದ ಮೇಲೆ ಕೇಳಿಸಿತು, ಇದು ಯಾರ ಧ್ವನಿ, ಪ್ರಾಂಶುಪಾಲರದಲ್ಲ ಸಾಹೇಬರದಲ್ಲ ಅಮ್ಮನದೂ ಅಲ್ಲ, ಸ್ವಲ್ಪ ಒಡಕು, ನೋಟಿಸ್ ನನ್ನ ಹೆಸರಿಗೆ ಬರ್ಲಿ ಸರ್, ಅಕ್ಷರ ನಂದೈತಿ, ಮೇಡಂ, ಸಮ್ರಾಟ್ ಟ್ಯಾಬ್ಲೆಟ್ಟು ತಡವುತ್ತ, ಇಲ್ಲ ಅನ್ನೋದಕ್ಕೆ ಇದರಲ್ಲಿ ಜಾಗ ಕೊಟ್ಟಿಲ್ಲ ಮೇಡಂ, ಜಾಗ ಇಲ್ಲಿ ಐತಿ ಬರ್ರಿ, ಹಲಗಿ ಫೋಟೋ ಹೊಡ್ಕೋರಿ, ನಾನೂ ಬರ್ಬೇಕೇನು ಫೋಟೋದಾಗ, ಬರ್ತೀನಿ, ಅವನು ಡಾಕ್ಟರನ್ನು ನೋಡಿದ, ಡಾಕ್ಟರು ಹಲಗೆ ನೋಡಿದರು, ಬೇಡ ಅನ್ನಬಹುದಿತ್ತು, ಮೀಸೆ ಅಲುಗಿತು, ಹೊಡಕೊ ತಮ್ಮ, ಬೆಳಕು ಚಲೋ ಐತಿ, ಮೂಗಿನಿಂದಲೇ ಅಂದರು, ಸ್ವಂತ ಮೂಗಿನಿಂದ. ಹಂಗ ಬರೀಬಾರ್ದು ಬೇ, ಬೋಣಿ ಹೊತ್ತಿರ್ಲಿ ಬ್ಯಾರೆ ಹೊತ್ತಿರ್ಲಿ, ಎಂಥಾ ಮಾತು, ಚನ್ನವೀರಮ್ಮನ ಮುಖ ಬಾಡಿದೆ, ನನ್ನ ಬಾಯಿಯ ಬಂಗಾರ ಕಿತ್ತುಹೋದದ್ದನ್ನು ಕಣ್ಣಾರೆ ನೋಡಿದವಳ ಹಾಗೆ, ಇಲ್ಲಜ್ಜಿ, ಅಂದೆ, ಗುಳಿಗಿ ಇಲ್ಲ, ನಾಳಿನೂ ಇಲ್ಲ, ನಾಡದಿನೂ ನನಗ ಗೊತ್ತಿಲ್ಲ, ಇವತ್ತ ಬಳ್ಳಾರಿಗೆ ಹೋಗ್ರಿ, ಅವತ್ತು ಸುಳ್ಳು ಹೇಳಿದ್ದೆ ಅಜ್ಜಿ, ಕೇಳಿಸಿತೋ ಇಲ್ಲವೋ, ನಾನು ಒಳಗೆ ಓಡಿ ಆಸ್ಪತ್ರೆಯ ಚೀಟಿಯ ಮೇಲೆಯೇ ಬರೆಯುತ್ತಿದ್ದೇನೆ, ಗುಳಿಗೆಯ ಹೆಸರು, ಇಲ್ಲಿ ಇಲ್ಲ, ಸಹಿ, ತಾರೀಖು, ಠಸ್ಸೆ, ಮಸಿ ಒಣಗಲಿಲ್ಲ, ಊದಿದೆ, ಹಂಗಾದ್ರ ಹನ್ನೆರಡೂವರಿ ಬಸ್ಸಿಗೆ ಹೋಗಿ ತಂದ್ಬಿಡ್ತೀನಕ್ಕಾ, ಸುನಂದಾಳ ಧ್ವನಿ, ಇಷ್ಟು ದಿನ ಅವಳು ಮಾತಾಡಿದ್ದೇ ಕೇಳಿರಲಿಲ್ಲ, ಬಸ್ಸು ಗೇಟಿನಾಚೆ ಹಾರ್ನು ಹೊಡೆಯುತ್ತಿದೆ, ನೋಟಿಸು ಬರುತ್ತದೆ, ಬರಲಿದೆ, ಬರಲಿ, ಮೊದಲ ಬಾರಿ ಆ ಪದ ನಿಜವಾಗುತ್ತದೆ, ಚೀಟಿ ಚಾಚಿದೆ, ಕಿಟಕಿಯ ಸರಳಿನ ನಡುವೆ ಸೆರಗಿನಿಂದ ಕೈ ಬಂತು, ಬಲಗೈ, ಅಂಗೈ ಮೇಲಾಗಿ, ಬೆರಳು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಪೂರ್ತಿ ಮುಚ್ಚಿಕೊಳ್ಳುವುದೂ ಇಲ್ಲ, ಚೀಟಿ ಇಟ್ಟೆ, ನಿಲ್ಲುತ್ತಿಲ್ಲ, ಜಾರುತ್ತದೆ, ಮತ್ತೆ ಇಟ್ಟೆ, ಹೆಬ್ಬೆರಳಿನಿಂದ ಒತ್ತಿ ಹಿಡಿದೆ, ಬೆರಳ ಬುಡದಿಂದ ಮಣಿಕಟ್ಟಿನವರೆಗೆ, ಗುಲಾಬಿ, ನುಣ್ಣಗೆ, ಗೆರೆಗಳೇ ಇಲ್ಲದ ಅರ್ಧಚಂದ್ರ, ಅದರ ಮೇಲೆ ನನ್ನ ಬೆರಳಿನ ಸೀಮೆಸುಣ್ಣ, ಬಿಳಿ, ಅರ್ಧಚಂದ್ರ, ಕಿಟಕಿಯಲ್ಲಿ, ನೋಡಬಾರದು ಅಂದುಕೊಂಡಿದ್ದ ಅಂಗೈ, ನೋಡುತ್ತಿದ್ದೇನೆ —